ಆಂಟೊನೆಲ್ಲೊ ಬರೆದ ಮುಖ: ತೈಲವರ್ಣ ಕಲಿಯಲು ಒಂದು ನಕಲು

ತೈಲವರ್ಣದಲ್ಲಿ ಮುಖ ಬರೆಯಲು ಕಲಿಯುವವರು ಹಳೆಯ ಚಿತ್ರವೊಂದನ್ನು ಎದುರಿಟ್ಟುಕೊಂಡು ಕೂತಾಗ, ಕಣ್ಣಿಗೆ ಕಂಡ ಬಣ್ಣವನ್ನೇ ಪ್ಯಾಲೆಟ್ ಮೇಲೆ ಕಲಸಿ ಕಂಡ ಜಾಗಕ್ಕೆ ಹಚ್ಚುತ್ತಾ ಹೋಗುತ್ತಾರೆ. ಎರಡು ಗಂಟೆಯೊಳಗೆ ಮುಖ ಸುಣ್ಣ ಬಳಿದಂತಾಗುತ್ತದೆ, ಇಲ್ಲವೇ ಕೆಸರಿನ ಬಣ್ಣಕ್ಕೆ ತಿರುಗುತ್ತದೆ. ತಪ್ಪು ಕೈಯಲ್ಲಿಲ್ಲ, ವಿಧಾನದಲ್ಲಿದೆ. ಹದಿನೈದನೇ ಶತಮಾನದ ಕಲಾವಿದ ಆ ಬಣ್ಣವನ್ನು ಪ್ಯಾಲೆಟ್ ಮೇಲೆ ಕಲಸಿರಲೇ ಇಲ್ಲ. ಕೆನ್ನೆಯ ಮೇಲೆ ನಮಗೆ ಕಾಣುವ ಬಣ್ಣ ಮೂರು ನಾಲ್ಕು ತೆಳು ಪದರಗಳು ಒಂದರೊಳಗಿಂದ ಇನ್ನೊಂದು ತೋರಿ ಹುಟ್ಟಿದ್ದು. ಹಾಗಾಗಿ ಪದರಗಳು ಬಂದ ಕ್ರಮವನ್ನು ನಕಲು ಮಾಡಬೇಕು. ಕ್ರಮ ಸರಿಯಿದ್ದರೆ ಮೇಲಿನ ಬಣ್ಣ ಹೆಚ್ಚುಕಡಿಮೆ ತಾನಾಗಿ ಬರುತ್ತದೆ.

ಇದಕ್ಕೆ ನಾನು ಶಿಫಾರಸು ಮಾಡುವ ಚಿತ್ರ ಹದಿನೈದನೇ ಶತಮಾನದ ಇಟಲಿಯ ಚಿತ್ರಕಾರ ಆಂಟೊನೆಲ್ಲೊ ದ ಮೆಸ್ಸೀನಾನದು. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ, 1475-76ರ ಸುಮಾರಿನ, ಕೆಂಪು ಟೋಪಿ ತೊಟ್ಟ ಪುರುಷನ ಭಾವಚಿತ್ರ. ಪಾಪ್ಲರ್ ಮರದ ಹಲಗೆಯ ಮೇಲಿನ ತೈಲವರ್ಣ, ಅಳತೆ 35.6 × 25.4 ಸೆಂ.ಮೀ. ಕಲಿಯುವವರಿಗೆ ಇದು ಹೇಳಿ ಮಾಡಿಸಿದಂತಿದೆ. ಹಿನ್ನೆಲೆ ಬರೀ ಕಪ್ಪು, ಕೈಗಳಿಲ್ಲ, ಆಭರಣವಿಲ್ಲ, ಕಸೂತಿಯಿಲ್ಲ. ಬೆಳಕು ಎಡಗಡೆಯ ಒಂದೇ ದಿಕ್ಕಿನಿಂದ ಬೀಳುತ್ತದೆ. ಮುಖ ನಮ್ಮ ಎಡಕ್ಕೆ ಮುಕ್ಕಾಲು ತಿರುಗಿದೆ, ಕಣ್ಣುಗಳು ಮಾತ್ರ ನೇರ ನಮ್ಮತ್ತ. ಈ ನೋಟ ಮೊದಲಿನಿಂದಲೂ ಹೀಗಿರಲಿಲ್ಲ. ಕಣ್ಣುಗಳು ಮೊದಲು ಬೇರೆ ಕಡೆ ನೋಡುತ್ತಿದ್ದವು, ಚಿತ್ರ ಬರೆಯುತ್ತಲೇ ಆಂಟೊನೆಲ್ಲೊ ಬದಲಾಯಿಸಿದ್ದಾನೆ ಎಂಬುದು ಎಕ್ಸ್-ರೇಯಿಂದ ಗೊತ್ತಾಗಿದೆ. ಎಣ್ಣೆ ಬಣ್ಣ ಅಂಥ ತಿದ್ದುಪಡಿಗೆ ಅವಕಾಶ ಕೊಡುತ್ತದೆ, ಅದನ್ನೂ ನಕಲು ಮಾಡುವಾಗ ನೆನಪಿಡಿ.

ಹದಿನಾರನೇ ಶತಮಾನದಲ್ಲಿ ಕಲಾವಿದರ ಜೀವನಚರಿತ್ರೆಗಳನ್ನು ಬರೆದ ವಸಾರಿಯ ಒಂದು ಕಥೆ ಇನ್ನೂ ಓಡಾಡುತ್ತಿದೆ: ಆಂಟೊನೆಲ್ಲೊ ಇಂದಿನ ಬೆಲ್ಜಿಯಂ ಭಾಗದ ಫ್ಲಾಂಡರ್ಸ್‌ಗೆ ಹೋಗಿ ಅಲ್ಲಿನ ಚಿತ್ರಕಾರ ಯಾನ್ ವಾನ್ ಐಕ್‌ನಿಂದಲೇ ತೈಲವರ್ಣದ ಗುಟ್ಟು ಕಲಿತು ಇಟಲಿಗೆ ತಂದ ಎಂದು. ವಾನ್ ಐಕ್ ತೀರಿಕೊಂಡದ್ದು 1441ರಲ್ಲಿ. ಆಗ ಆಂಟೊನೆಲ್ಲೊ ಇನ್ನೂ ಹುಡುಗ. ಅವನು ಕಲಿತದ್ದು ನೇಪಲ್ಸ್‌ನಲ್ಲಿ, ಕೊಲಾಂಟೋನಿಯೊ ಎಂಬ ಚಿತ್ರಕಾರನ ಬಳಿ. ನೇಪಲ್ಸ್‌ನ ಅರಮನೆಯಲ್ಲಿ ಫ್ಲಾಂಡರ್ಸ್ ನಾಡಿನ (ಫ್ಲೆಮಿಷ್) ಚಿತ್ರಗಳಿದ್ದವು. ಅವುಗಳ ವಿಧಾನ, ಅಂದರೆ ಬಿಳಿ ತಳದ ಮೇಲೆ ತೆಳು ಎಣ್ಣೆ ಪದರಗಳನ್ನು ಏರಿಸುವ ಕ್ರಮ, ಇವನ ಕೈಗೆ ಬಂತು. 1475-76ರಲ್ಲಿ ವೆನಿಸ್‌ನಲ್ಲಿದ್ದಾಗ ಬೆಲ್ಲೀನಿಯಂಥ ಅಲ್ಲಿನ ಚಿತ್ರಕಾರರ ಮೇಲೂ ಅದರ ಪ್ರಭಾವ ಬಿತ್ತು. ನಾವು ಕಲಿಯಬೇಕಾಗಿರುವುದೂ ಅದನ್ನೇ.

ಮೊದಲು ತಳ. ಆ ಕಾಲದ ಇಟಲಿಯಲ್ಲಿ ಹಲಗೆಗೆ ಪ್ರಾಣಿಜನ್ಯ ಅಂಟು, ಅದರ ಮೇಲೆ ಜಿಪ್ಸಮ್ಮನ್ನು ಅದೇ ಅಂಟಿನಲ್ಲಿ ಕಲಸಿದ ಗೆಸ್ಸೊ ಹಚ್ಚುತ್ತಿದ್ದರು. ಇವತ್ತು 6 ಮಿ.ಮೀ. ದಪ್ಪದ ಬರ್ಚ್ ಪ್ಲೈವುಡ್ ಅಥವಾ ಎಂಡಿಎಫ್ ಸಾಕು. ಗೆಸ್ಸೊವನ್ನು ಒಂದೇ ಬದಿಗೆ ಹಚ್ಚಿದರೆ ಹಲಗೆ ಬಾಗುತ್ತದೆ, ಹಾಗಾಗಿ ಹಿಂಭಾಗ ಮತ್ತು ಅಂಚುಗಳಿಗೂ ಹಚ್ಚಬೇಕು. ಅಕ್ರಿಲಿಕ್ ಗೆಸ್ಸೊ ಬಳಸುವವರು ಸ್ವಲ್ಪ ನೀರು ಬೆರೆಸಿ ತೆಳುವಾಗಿ 4ರಿಂದ 6 ಕೋಟ್ ಹಚ್ಚಲಿ, ಪ್ರತಿ ಕೋಟಿನ ದಿಕ್ಕನ್ನು ಹಿಂದಿನದಕ್ಕೆ ಅಡ್ಡವಾಗಿ ಬದಲಿಸಲಿ. ಕೊನೆಗೆ 220, ಆಮೇಲೆ 400 ನಂಬರಿನ ಉಪ್ಪುಕಾಗದದಿಂದ ಉಜ್ಜಿ. ಮೇಲ್ಮೈ ಬೆರಳಿಗೆ ಮೊಟ್ಟೆಯ ಚಿಪ್ಪಿನಷ್ಟು ನಯವಾಗಿ ಸಿಗಬೇಕು. ಕ್ಯಾನ್ವಾಸಿನ ನೇಯ್ಗೆ ಈ ಚಿತ್ರಕ್ಕೆ ಹೊಂದುವುದಿಲ್ಲ. ಕಣ್ಣಿನ ರೆಪ್ಪೆಯ ಅಂಚು ಒಂದು ಮಿಲಿಮೀಟರಿಗಿಂತ ಸಣ್ಣದು, ದಾರದ ಗಂಟು ಅದನ್ನು ಮುರಿದುಬಿಡುತ್ತದೆ.

ಗೆಸ್ಸೊ ಎಣ್ಣೆ ಹೀರುತ್ತದೆ. ಹೀರುವಿಕೆ ಹೆಚ್ಚಾದರೆ ಮೊದಲ ಪದರ ಒಣಗಿದಾಗ ಬಣ್ಣ ಕಾಂತಿ ಕಳೆದುಕೊಂಡು ಬೂದಿ ಮೆತ್ತಿದಂತಾಗುತ್ತದೆ. ಅದನ್ನು ತಡೆಯಲು, ರೇಖಾಚಿತ್ರ ವರ್ಗಾಯಿಸಿದ ಮೇಲೆ ಬಿಳಿ ಎಣ್ಣೆ ಬಣ್ಣಕ್ಕೆ ಸಾಸಿವೆ ಕಾಳಿನಷ್ಟು ರಾ ಅಂಬರ್ (ಕಂದು ಮಣ್ಣಿನ ಬಣ್ಣ) ಸೇರಿಸಿ, ಕೆಲವು ಹನಿ ಎಣ್ಣೆಯಲ್ಲಿ ತೆಳು ಮಾಡಿ, ಇಡೀ ಹಲಗೆಗೆ ಬಟ್ಟೆಯಿಂದ ಒರೆಸಿದಂತೆ ಹಚ್ಚಿ. ಕೆಳಗಿನ ಗೆರೆ ಕಾಣುತ್ತಲೇ ಇರಬೇಕು. ಇದು ಒಣಗಲು ನಾಲ್ಕೈದು ದಿನ ಬಿಡಿ. ಈ ಬಿಳಿ ತಳವೇ ಮುಂದಿನ ಇಡೀ ಚಿತ್ರದ ದೀಪ. ಬೆಳಕು ತೆಳು ಪದರಗಳನ್ನು ದಾಟಿ ತಳಕ್ಕೆ ತಾಗಿ ಹಿಂತಿರುಗುವುದರಿಂದಲೇ ಚರ್ಮ ಒಳಗಿಂದ ಬೆಳಗಿದಂತೆ ಕಾಣುತ್ತದೆ. ತಳದ ಬಿಳಿಯನ್ನು ದಪ್ಪ ಬಣ್ಣದಲ್ಲಿ ಒಮ್ಮೆ ಮುಚ್ಚಿದರೆ ಯಾವ ತೆಳು ಪಾರದರ್ಶಕ ಬಣ್ಣದ ಪದರ, ಅಂದರೆ ಗ್ಲೇಜ್‌ನಿಂದಲೂ ಅದು ಮರಳುವುದಿಲ್ಲ.

ರೇಖಾಚಿತ್ರದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಹೆಚ್ಚಿನ ನಕಲುಗಳು ಕೆಡುವುದು ಇಲ್ಲೇ. ಮೂಲದ ಅಳತೆಯಲ್ಲೇ ಒಂದು ಮುದ್ರಿತ ಪ್ರತಿ ತೆಗೆಸಿಕೊಳ್ಳಿ; ಗ್ಯಾಲರಿಯ ಜಾಲತಾಣದಲ್ಲಿ ಚಿತ್ರವನ್ನು ಬಹಳ ಹತ್ತಿರದಿಂದ ನೋಡಬಹುದು, ಅದನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಟ್ರೇಸ್ ಮಾಡುವುದು ತಪ್ಪೇನಲ್ಲ. ಆದರೆ ಟ್ರೇಸ್ ಮಾಡುವ ಮೊದಲು ಕಾಗದದ ಮೇಲೆ ಒಮ್ಮೆಯಾದರೂ ಕಣ್ಣಳತೆಯಿಂದ ಪೂರ್ತಿ ಮುಖ ಬರೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಟ್ರೇಸ್ ಕೊಡುವುದು ಹೊರಗೆರೆಯನ್ನು ಮಾತ್ರ. ಕೆನ್ನೆಯೆಲುಬು ಎಲ್ಲಿ ತಿರುಗುತ್ತದೆ, ಹುಬ್ಬಿನ ಕೆಳಗೆ ಗುಳಿ ಎಷ್ಟು ಆಳ ಎಂಬುದು ಕೈ ಹುಡುಕಿಕೊಂಡು ಹೋದಾಗಲೇ ತಿಳಿಯುತ್ತದೆ.

ಮುಕ್ಕಾಲು ತಿರುಗಿದ ಮುಖದಲ್ಲಿ ಮೂರು ತಪ್ಪುಗಳು ಪದೇ ಪದೇ ಬರುತ್ತವೆ. ದೂರದ ಕಣ್ಣನ್ನು ಹತ್ತಿರದ ಕಣ್ಣಿನಷ್ಟೇ ಅಗಲವಾಗಿ ಬರೆಯುವುದು; ಎರಡೂ ಕಣ್ಣುಗಳಿಗೆ ಒಂದೇ ಬಾದಾಮಿ ಆಕಾರ ಕೊಡುವುದು; ಮೂಗಿನ ತುದಿಯಿಂದ ದೂರದ ಕೆನ್ನೆಯ ಅಂಚಿನವರೆಗಿನ ಜಾಗವನ್ನು ಹಿಗ್ಗಿಸುವುದು. ಮೂರಕ್ಕೂ ಕಾರಣ ಒಂದೇ: ಮುಖ ಹೇಗಿರುತ್ತದೆಂದು ನಮ್ಮ ತಲೆಗೆ ಗೊತ್ತಿದೆ, ಕಣ್ಣು ಕಂಡದ್ದನ್ನು ಆ ತಿಳಿವಳಿಕೆ ತಿದ್ದಿಬಿಡುತ್ತದೆ. ಡಿವೈಡರಿನಿಂದ ಅಳೆಯಿರಿ. ಕಣ್ಣಿನ ಒಳಮೂಲೆಯಿಂದ ಮೂಗಿನ ಹೊಳ್ಳೆಗೆ, ಹೊಳ್ಳೆಯಿಂದ ಬಾಯಿಯ ತುದಿಗೆ, ಬಾಯಿಯ ನಡುಗೆರೆಯಿಂದ ಗಲ್ಲಕ್ಕೆ. ಈ ಗಾತ್ರದ ಚಿತ್ರದಲ್ಲಿ ಪಾಪೆ ಒಂದು ಮಿಲಿಮೀಟರ್ ಸರಿದರೆ ನೋಟ ನಮ್ಮನ್ನು ಬಿಟ್ಟು ಪಕ್ಕಕ್ಕೆ ಹೋಗುತ್ತದೆ. ಆಮೇಲೆ ಮುದ್ರಿತ ಪ್ರತಿ, ನಿಮ್ಮ ರೇಖಾಚಿತ್ರ ಎರಡನ್ನೂ ಕನ್ನಡಿಯಲ್ಲಿ ನೋಡಿ, ತಲೆಕೆಳಗು ಮಾಡಿ ನೋಡಿ.

ವರ್ಗಾಯಿಸಲು ಟ್ರೇಸಿಂಗ್ ಕಾಗದದ ಹಿಂಬದಿಗೆ ರಾ ಅಂಬರ್ ಪುಡಿ ಉಜ್ಜಿ, ಗಟ್ಟಿ ಪೆನ್ಸಿಲಿನಿಂದ ಗೆರೆ ತಿದ್ದಿದರೆ ಸಾಕು. ಗ್ರಾಫೈಟ್ ಬೇಡ, ತೆಳು ಬಣ್ಣದೊಳಗಿಂದ ಅದು ವರ್ಷಗಳ ನಂತರವೂ ಬೂದು ಗೆರೆಯಾಗಿ ಮೇಲಕ್ಕೆ ತೋರುತ್ತದೆ. ಪುಡಿಯ ಗೆರೆಯನ್ನು ನೀರಾದ ಕಂದು ಇಂಕಿನಿಂದ, ಸೊನ್ನೆ ನಂಬರಿನ ಬ್ರಷ್‌ನಲ್ಲಿ ಖಾಯಂ ಮಾಡಿ, ಉಳಿದ ಪುಡಿಯನ್ನು ಕೊಡವಿಬಿಡಿ.

ಇನ್ನು ಬಣ್ಣಗಳು. ಆ ಕಾಲದ ಚಿತ್ರಕಾರರ ಬಳಿ ಸೀಸದ ಬಿಳಿ, ಸೀಸ-ತವರದ ಹಳದಿ, ಇಂಗಳೀಕ, ಕೆಂಪು ಲೇಕ್ (ಗಿಡ, ಕೀಟಗಳ ರಸದಿಂದ ಮಾಡಿದ ಪಾರದರ್ಶಕ ಕೆಂಪು), ಮಣ್ಣಿನ ಬಣ್ಣಗಳು, ತಾಮ್ರದ ಹಸಿರು, ಅಜುರೈಟ್ ಎಂಬ ನೀಲಿ ಖನಿಜ, ಲಾಪಿಸ್‌ನಿಂದ ತೆಗೆದ ಅಲ್ಟ್ರಮರೀನ್, ಎಲುಬಿನ ಕಪ್ಪು ಇದ್ದವು. ಈ ನಕಲಿಗೆ ಅಷ್ಟೂ ಬೇಕಾಗಿಲ್ಲ. ಟೈಟೇನಿಯಂ ಬಿಳಿ, ಯೆಲ್ಲೊ ಓಕರ್ (ಹಳದಿ ಮಣ್ಣು), ಇಂಗಳೀಕದ ಬದಲು ಕ್ಯಾಡ್ಮಿಯಂ ರೆಡ್ ಲೈಟ್, ಬರ್ನ್ಟ್ ಸಿಯೆನ್ನಾ (ಕೆಂಗಂದು ಮಣ್ಣು), ರಾ ಅಂಬರ್, ಟೆರ್ ವರ್ಟ್ (ಹಸಿರು ಮಣ್ಣು), ಐವರಿ ಬ್ಲ್ಯಾಕ್, ಮತ್ತು ಲೇಕ್ ಜಾಗಕ್ಕೆ ಕ್ವಿನಾಕ್ರಿಡೋನ್ ಕೆಂಪು. ಹಳೆಯ ಅಲಿಜರಿನ್ ಕ್ರಿಮ್ಸನ್ ಬಣ್ಣ ಸುಂದರವಾಗಿದೆ, ಆದರೆ ತೆಳು ಗ್ಲೇಜ್ ಆದಾಗ ಬೆಳಕಿಗೆ ಮಾಸುತ್ತದೆ.

ಬಿಳಿಯ ಆಯ್ಕೆ ದೊಡ್ಡದು. ಸೀಸದ ಬಿಳಿ ಅರೆಪಾರದರ್ಶಕ, ಬೇಗ ಒಣಗುತ್ತದೆ, ಪದರ ಗಟ್ಟಿಯಾಗಿಯೂ ಬಾಗುವಂತೆಯೂ ಉಳಿಯುತ್ತದೆ, ಆದರೆ ವಿಷ. ಟ್ಯೂಬಿನಲ್ಲಿರುವುದನ್ನು ಕೈಗವಸು ಹಾಕಿ, ತಿನ್ನದೆ ಕುಡಿಯದೆ ಬಳಸಬಹುದಾದರೂ ಪುಡಿಯನ್ನಂತೂ ಮುಟ್ಟಬಾರದು, ಒಣಗಿದ ಪದರವನ್ನು ಉಜ್ಜಬಾರದು. ಕಲಿಯುವವರಿಗೆ ಟೈಟೇನಿಯಂ ಸಾಕು. ಅದರ ತೊಂದರೆಯೆಂದರೆ ಬಲ ಹೆಚ್ಚು, ಒಂದು ಚೂರು ಬಿದ್ದರೆ ಯಾವ ಬಣ್ಣವನ್ನೂ ಬಿಳುಚಿಸುತ್ತದೆ. ಹಾಗಾಗಿ ಟೈಟೇನಿಯಂ ಬಿಳಿ ಎರಡು ಪಾಲಿಗೆ ಎಣ್ಣೆಯಲ್ಲಿ ಅರೆದ ಸೀಮೆಸುಣ್ಣದ ನಯವಾದ ಪುಡಿ ಒಂದು ಪಾಲು ಸೇರಿಸಿ. ಆ ಸುಣ್ಣ ಎಣ್ಣೆಯಲ್ಲಿ ಹೆಚ್ಚುಕಡಿಮೆ ಪಾರದರ್ಶಕವಾಗುವುದರಿಂದ ಬಿಳಿಯ ಹಠ ತಗ್ಗುತ್ತದೆ. ಜಿಂಕ್ ಬಿಳಿ ಬೇಡವೇ ಬೇಡ, ವರ್ಷಗಳು ಕಳೆದಂತೆ ಅದು ಪೆಡಸಾಗಿ ಬಿರುಕು ಬಿಡುತ್ತದೆ, ಪದರ ಕಿತ್ತು ಬರುತ್ತದೆ.

ಎಣ್ಣೆ ಬಣ್ಣ ನೀರಿನ ಬಣ್ಣದಂತೆ ಆರಿ ಒಣಗುವುದಿಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಕೆಳಪದರಕ್ಕಿಂತ ಮೇಲಿನ ಪದರದಲ್ಲಿ ಎಣ್ಣೆ ಹೆಚ್ಚಿರಬೇಕೆಂಬ ನಿಯಮ ಇಲ್ಲಿಂದಲೇ ಬಂದದ್ದು. ಎಣ್ಣೆ ಕಡಿಮೆ ಇರುವ ಪದರ ಬೇಗ ಗಟ್ಟಿಯಾಗುತ್ತದೆ. ಅದು ಮೇಲಿದ್ದು, ಕೆಳಗಿನದು ಇನ್ನೂ ಅಲುಗಾಡುತ್ತಿದ್ದರೆ ಮೇಲಿನದು ಸೀಳುತ್ತದೆ. ಮೊದಲ ಪದರಕ್ಕೆ ಟ್ಯೂಬಿನ ಬಣ್ಣ, ಕೆಲವು ಹನಿ ವಾಸನೆಯಿಲ್ಲದ ಮಿನರಲ್ ಸ್ಪಿರಿಟ್ಸ್ (ಬಣ್ಣ ತೆಳು ಮಾಡುವ ದ್ರಾವಕ). ಎರಡನೆಯದಕ್ಕೆ ಟ್ಯೂಬಿನ ಬಣ್ಣ ಹಾಗೇ. ಮೂರನೆಯದಕ್ಕೆ ಸ್ಟ್ಯಾಂಡ್ ಆಯಿಲ್ (ಕಾಯಿಸಿ ಮಂದ ಮಾಡಿದ ಅಗಸೆ ಎಣ್ಣೆ) ಒಂದು ಪಾಲು, ಸ್ಪಿರಿಟ್ಸ್ ಎರಡು ಪಾಲಿನ ಮಿಶ್ರಣವನ್ನು ಕೆಲವು ಹನಿ. ಕೊನೆಯ ಗ್ಲೇಜ್‌ಗೆ ಎರಡೂ ಸಮಪಾಲು. ಎಣ್ಣೆ ಹೆಚ್ಚಿರಬೇಕೆಂದು ಸುರಿಯಬಾರದು: ದಪ್ಪ ಎಣ್ಣೆಯ ಪದರದ ಮೇಲ್ಭಾಗ ಮೊದಲು ಕೆನೆಗಟ್ಟಿ, ಒಳಗಿನದು ಹಸಿಯಾಗಿಯೇ ಉಳಿದು, ಸುಕ್ಕು ಬೀಳುತ್ತದೆ. ಲಿಯೊನಾರ್ಡೊ ಯೌವನದಲ್ಲಿ ಬರೆದ ಜಿನೇವ್ರಾ ದೆ ಬೆಂಚಿ ಭಾವಚಿತ್ರದಲ್ಲೇ ಅಂಥ ಸುಕ್ಕುಗಳಿವೆ. ಎಣ್ಣೆಯ ಹದ ಅವನಿಗೂ ಆಗ ಪೂರ್ತಿ ಕೈವಶವಾಗಿರಲಿಲ್ಲ.

ಎಣ್ಣೆ ಹೀರಿದ ಬಟ್ಟೆಗಳನ್ನು ಮುದ್ದೆ ಮಾಡಿ ಬುಟ್ಟಿಗೆ ಹಾಕಬೇಡಿ. ಒಣಗುವ ಕ್ರಿಯೆಯಲ್ಲಿ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಸಿಕ್ಕಿಕೊಂಡು ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಬಯಲಲ್ಲಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಲೋಹದ ಡಬ್ಬಿಯಲ್ಲಿಡಿ.

ಮೊದಲ ಪದರ ರಾ ಅಂಬರ್ ಒಂದರಲ್ಲೇ. ಇದರಲ್ಲಿ ಬಿಳಿ ಬಳಸಬೇಡಿ. ಬೆಳಕು ಬೇಕಾದಲ್ಲಿ ಬಟ್ಟೆಯಿಂದ ಒರೆಸಿ ತಳವನ್ನೇ ತೋರಿಸಿ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಒಂದೆರಡು ದಿನದಲ್ಲೇ ಒಣಗುತ್ತದೆ. ಇಲ್ಲಿ ನಿರ್ಧಾರವಾಗಬೇಕಾದದ್ದು ನೆರಳಿನ ಆಕಾರ. ಮೂಗಿನ ಬಲಬದಿ, ಬಲಗೆನ್ನೆ, ದವಡೆಯ ಕೆಳಗೆ, ಹುಬ್ಬಿನ ಗುಳಿ ಎಲ್ಲವನ್ನೂ ಒಂದಕ್ಕೊಂದು ಕೂಡಿದ ಒಂದೇ ಆಕಾರವಾಗಿ ನೋಡಿ. ಕಣ್ಣು ಕಿರಿದು ಮಾಡಿ ನೋಡಿದರೆ ವಿವರ ಮಾಯವಾಗಿ ಆಕಾರ ಉಳಿಯುತ್ತದೆ. ಮೊಬೈಲಿನಲ್ಲಿ ಮೂಲದ ಮತ್ತು ನಿಮ್ಮ ಹಲಗೆಯ ಚಿತ್ರ ತೆಗೆದು ಎರಡನ್ನೂ ಕಪ್ಪು-ಬಿಳುಪು ಮಾಡಿ ಹೋಲಿಸಿ. ಅಲ್ಲಿ ಹೊಂದದಿದ್ದರೆ ಬಣ್ಣಕ್ಕೆ ಹೋಗುವುದರಲ್ಲಿ ಅರ್ಥವಿಲ್ಲ. ಒಂದು ಮಾತು: ಮುದ್ರಿತ ಪ್ರತಿಗಳಲ್ಲಿ ನೆರಳು ಸಾಮಾನ್ಯವಾಗಿ ಕಪ್ಪಾಗಿಬಿಟ್ಟಿರುತ್ತದೆ, ಪರದೆಯ ಮೇಲೆ ಬಲಗೆನ್ನೆಯೊಳಗೆ ಇನ್ನೂ ವಿವರ ಕಾಣುತ್ತದೆ. ನೆರಳಿಗೆ ಪರದೆಯನ್ನು ನಂಬಿ.

ಎರಡನೆಯ ಪದರಕ್ಕೆ ಚರ್ಮದ ಬಣ್ಣಗಳನ್ನು ಮೊದಲೇ ಐದು ಗುಡ್ಡೆಯಾಗಿ ಕಲಸಿಟ್ಟುಕೊಳ್ಳಿ. ಅತಿ ಬೆಳಕಿಗೆ ಬಿಳಿ 6 ಪಾಲು, ಓಕರ್ 1 ಪಾಲು, ಕ್ಯಾಡ್ಮಿಯಂ ಕೆಂಪು ಕಾಲು ಪಾಲು. ಇದಕ್ಕೇ ಓಕರ್ ಮತ್ತು ಕೆಂಪನ್ನು ಸ್ವಲ್ಪ ಹೆಚ್ಚಿಸಿದರೆ ಎರಡನೆಯದು, ಕೆನ್ನೆ ಮತ್ತು ಮೂಗಿನ ತುದಿಗೆ. ಎರಡನೆಯದಕ್ಕೆ ಟೆರ್ ವರ್ಟ್ ಹಾಗೂ ಚೂರು ಅಂಬರ್ ಸೇರಿಸಿದರೆ ಮೂರನೆಯದು, ಬೆಳಕು ನೆರಳಿಗೆ ತಿರುಗುವ ಜಾಗಕ್ಕೆ. ನಾಲ್ಕನೆಯದು ಅಂಬರ್, ಬರ್ನ್ಟ್ ಸಿಯೆನ್ನಾ, ಓಕರ್, ಹೆಸರಿಗೆ ಮಾತ್ರ ಬಿಳಿ. ಐದನೆಯದು ಅಂಬರ್, ಸಿಯೆನ್ನಾ, ಚೂರು ಕಪ್ಪು; ಬಿಳಿ ಇಲ್ಲವೇ ಇಲ್ಲ. ಈ ಪಾಲುಗಳು ಆರಂಭಕ್ಕಷ್ಟೇ. ಪ್ರತಿ ಬ್ರಾಂಡಿನ ಓಕರ್‌ನ ಬಲ ಬೇರೆ, ಮುದ್ರಿತ ಪ್ರತಿಯ ಮೇಲೆ ಪಾರದರ್ಶಕ ಹಾಳೆಯಿಟ್ಟು ಅದರ ಮೇಲೆ ಒಂದು ಚುಕ್ಕೆ ಹಚ್ಚಿ ಹೊಂದಿಸಿಕೊಳ್ಳಿ.

ಬೆಳಕಿನ ಬಣ್ಣವನ್ನು ಹಣೆ, ಮೂಗಿನ ದಂಡೆ, ಎಡಗೆನ್ನೆಯ ಮೇಲೆ ತುಸು ದಪ್ಪವಾಗಿ ಇಡಿ. ನೆರಳಿನ ಕಡೆಗೆ ಸಾಗಿದಂತೆ ಬ್ರಷ್ಷನ್ನು ಒಣಗಿಸುತ್ತಾ ತೆಳುವಾಗಿಸಿ. ನೆರಳಿನೊಳಗೆ ಅಂಬರ್ ಪದರವೇ ಕಾಣುತ್ತಿರಲಿ. ಇಲ್ಲಿ ಒಂದು ಸೊಗಸು ನಡೆಯುತ್ತದೆ: ಗಾಢ ತಳದ ಮೇಲೆ ತಿಳಿ ಬಣ್ಣವನ್ನು ತೀರಾ ತೆಳುವಾಗಿ ಎಳೆದಾಗ ಅದು ತಂಪಾಗಿ, ನಸು ನೀಲಿ-ಬೂದಾಗಿ ಕಾಣುತ್ತದೆ. ಬಿಳಿಯ ಕಣಗಳು ಬೆಳಕನ್ನು ಚದುರಿಸುವುದೇ ಇದಕ್ಕೆ ಕಾರಣ. ಕೆನ್ನೆ ಮತ್ತು ದವಡೆಯ ಮೇಲಿನ ಆ ಬೂದು ಛಾಯೆಗೆ ನೀಲಿ ಟ್ಯೂಬ್ ತೆರೆಯಬೇಕಾಗಿಲ್ಲ. ಕ್ಷೌರದ ನಂತರ ಚಿಗುರಿದ ಗಡ್ಡವೂ ಈ ಬೂದು ಹಾಸಿನ ಮೇಲೆ ಬರಬೇಕಾದದ್ದು. ಕೂದಲನ್ನು ಕೊನೆಯ ದಿನ, ಒಂದೊಂದಾಗಿ, ಸಮ ಅಂತರವಿಲ್ಲದೆ ಇಡಿ.

ಹಸಿಯಿರುವಾಗಲೇ ಒಣ ಮೆದು ಬ್ರಷ್ಷಿನಿಂದ ಅಂಚುಗಳನ್ನು ಒಮ್ಮೆ ಸವರಿ. ಒಮ್ಮೆ ಮಾತ್ರ. ಸವರುತ್ತಲೇ ಇದ್ದರೆ ಐದು ಬಣ್ಣಗಳೂ ಒಂದಾಗಿ, ಮುಖ ರಬ್ಬರಿನ ಚೆಂಡಿನಂತೆ ನುಣ್ಣಗಾಗುತ್ತದೆ. ಮೂಳೆ ಇರುವಲ್ಲಿ ತಿರುವು ಚೂಪು, ಕೊಬ್ಬು ಇರುವಲ್ಲಿ ಮೆದು. ಈ ವ್ಯತ್ಯಾಸ ಉಳಿಯಬೇಕು. ತೀರಾ ನುಣುಪು ಬೇಕಾದ ಕಡೆ ಬೆರಳಿನಿಂದ ಒತ್ತಿ ತೆಗೆಯುವುದೂ ಉಂಟು. ಮೇಲೆ ಹೇಳಿದ ಜಿನೇವ್ರಾ ಚಿತ್ರದಲ್ಲಿ ಲಿಯೊನಾರ್ಡೊ ಕಾಲದ ಬೆರಳಚ್ಚು ಇವತ್ತಿಗೂ ಇದೆ. ಸೀಸ, ಕ್ಯಾಡ್ಮಿಯಂ ಇರುವ ಬಣ್ಣವಾದರೆ ಕೈಗವಸಿನ ಬೆರಳು.

ಕಣ್ಣು. ಬಿಳಿಗುಡ್ಡೆಯನ್ನು ಬಿಳಿ ಬಣ್ಣದಲ್ಲಿ ಬರೆದವರ ನಕಲನ್ನು ಕೋಣೆಯ ಆಚೆ ತುದಿಯಿಂದಲೇ ಗುರುತಿಸಬಹುದು, ಕಣ್ಣುಗಳು ಮುಖದಿಂದ ಹೊರಗೆ ಜಿಗಿದಿರುತ್ತವೆ. ಗುಡ್ಡೆ ಒಂದು ಗೋಲ, ಮೇಲಿನ ರೆಪ್ಪೆಯ ನೆರಳು ಅದರ ಮೇಲೆ ಬೀಳುತ್ತದೆ. ಆ ಬಿಳಿ ಹಣೆಯ ಬೆಳಕಿಗಿಂತ ಗಾಢವಾಗಿರಬೇಕು: ಬಿಳಿ, ಅಂಬರ್, ಚೂರು ಕಪ್ಪು. ಕೆಳರೆಪ್ಪೆಗೆ ದಪ್ಪವಿದೆ, ಅದರ ಒದ್ದೆ ಅಂಚಿಗೆ ಬೆಳಕು ತಾಗುತ್ತದೆ. ಇದನ್ನು ಬಿಟ್ಟರೆ ಕಣ್ಣು ಕಾಗದಕ್ಕೆ ಅಂಟಿಸಿದಂತಿರುತ್ತದೆ. ಹೊಳಪಿನ ಚುಕ್ಕೆ ಕಟ್ಟಕಡೆಗೆ, ಒಂದೇ ಸಲಕ್ಕೆ. ಬಾಯಿಗೂ ಹೊರಗೆರೆ ಬೇಡ. ಎರಡು ತುಟಿ ಕೂಡುವ ಗೆರೆ ಎಲ್ಲಿ ಗಾಢ, ಎಲ್ಲಿ ಮಸುಕು ಎಂದು ಹಿಡಿದರೆ ಉಳಿದದ್ದು ಕೆಲವೇ ಸ್ಪರ್ಶ.

ಪ್ರತಿ ಪದರದ ನಡುವೆ ಒಂದು ವಾರವಾದರೂ ಬಿಡಿ. ಒಣಗಿದಾಗ ಕೆಲವು ಕಡೆ, ಅದರಲ್ಲೂ ಅಂಬರ್ ಮತ್ತು ಕಪ್ಪು ಇರುವಲ್ಲಿ, ಹೊಳಪು ಹೋಗಿ ಮಂಕಾಗಿರುತ್ತದೆ. ಎಣ್ಣೆ ಕೆಳಕ್ಕೆ ಇಳಿದಿದೆ ಎಂದರ್ಥ. ಆ ಮಂಕು ಬಣ್ಣಕ್ಕೆ ಹೊಂದಿಸಲು ಹೊರಟರೆ ಎಲ್ಲ ಲೆಕ್ಕವೂ ತಪ್ಪುತ್ತದೆ. ಸ್ಟ್ಯಾಂಡ್ ಆಯಿಲ್-ಸ್ಪಿರಿಟ್ಸ್ ಮಿಶ್ರಣವನ್ನು ಬೆರಳ ತುದಿಯಷ್ಟು ತೆಗೆದು ಮಂಕಾದ ಜಾಗಕ್ಕೆ ಮಾತ್ರ ಉಜ್ಜಿ, ಒಂದೆರಡು ನಿಮಿಷ ಬಿಟ್ಟು ಉಳಿದದ್ದನ್ನು ಪೂರ್ತಿ ಒರೆಸಿ. ನಿಜವಾದ ಬಣ್ಣ ಮರಳುತ್ತದೆ, ಆಮೇಲೆ ಕೆಲಸ ಶುರು.

ಟೋಪಿ ಗ್ಲೇಜ್ ಕಲಿಯಲು ಒಳ್ಳೆಯ ಜಾಗ. ಮೊದಲು ಕ್ಯಾಡ್ಮಿಯಂ ಕೆಂಪಿನಲ್ಲಿ ಮಡಿಕೆಗಳನ್ನು ಪೂರ್ತಿ ರೂಪಿಸಿ: ಬೆಳಕಿಗೆ ಚೂರು ಬಿಳಿ, ನೆರಳಿಗೆ ಸಿಯೆನ್ನಾ ಮತ್ತು ಕಪ್ಪು. ಈ ಹಂತದಲ್ಲಿ ಟೋಪಿ ಬೇಕಾದದ್ದಕ್ಕಿಂತ ತಿಳಿಯಾಗಿಯೂ ಒರಟಾಗಿಯೂ ಕಾಣಲಿ. ಅದು ಚೆನ್ನಾಗಿ ಒಣಗಿದ ಮೇಲೆ ಕ್ವಿನಾಕ್ರಿಡೋನನ್ನು ಮಿಶ್ರಣದಲ್ಲಿ ತೆಳು ಮಾಡಿ ಹರಡಿ, ಬೆಳಕಿನ ಮಡಿಕೆಗಳಿಂದ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಎರಡು ಸಲ ಹೀಗೆ ಮಾಡಿದರೆ ನೆರಳಿನಲ್ಲೂ ಕೆಂಪು ಉಳಿದ ಆ ಆಳ ಬರುತ್ತದೆ. ಒಂದೇ ಸಲಕ್ಕೆ ದಪ್ಪ ಗ್ಲೇಜ್ ಹಾಕಿದರೆ ಜಾರಿ ಮಡಿಕೆಗಳ ತಗ್ಗಿನಲ್ಲಿ ಮಡುಗಟ್ಟುತ್ತದೆ. ಅಂಗಿಯ ಕಂದಿಗೆ ಇಷ್ಟು ಶ್ರಮ ಬೇಡ. ಕೊರಳ ಬಳಿಯ ಬಿಳಿ ಅಂಚನ್ನು ಮಾತ್ರ ಹಣೆಯ ಬೆಳಕಿನೊಂದಿಗೆ ಹೋಲಿಸಿ ಹದ ಮಾಡಿ.

ಹಿನ್ನೆಲೆಗೆ ಐವರಿ ಬ್ಲ್ಯಾಕ್ ಒಂದನ್ನೇ ಹಚ್ಚಿದರೆ ವಾರಗಟ್ಟಲೆ ಒಣಗುವುದಿಲ್ಲ. ಅರ್ಧಕ್ಕರ್ಧ ರಾ ಅಂಬರ್ ಸೇರಿಸಿ ಎರಡು ತೆಳು ಪದರಗಳಲ್ಲಿ ಹಚ್ಚಿ. ಬೆಳಕು ಬಿದ್ದ ಎಡಗೆನ್ನೆಯ ಅಂಚು ಹಿನ್ನೆಲೆಯ ಎದುರು ಚೊಕ್ಕವಾಗಿರಲಿ, ಬಲಗಡೆಯ ಅಂಚು ಹಸಿಯಲ್ಲೇ ಕಪ್ಪಿನೊಳಗೆ ಕರಗಲಿ. ತಲೆ ದುಂಡಾಗುವುದು ಈ ಎರಡು ಅಂಚುಗಳ ವ್ಯತ್ಯಾಸದಿಂದ.

ಹಳೆಯ ಚಿತ್ರಗಳ ಮೇಲೆ ಕಾಣುವ ಸಣ್ಣ ಬಿರುಕುಗಳು, ಹಳದಿಗಟ್ಟಿದ ವಾರ್ನಿಷ್ ಕಾಲ ಸೇರಿಸಿದವು. ಅವನ್ನು ನಕಲು ಮಾಡುವುದರಿಂದ ಮುಖ ಬರೆಯಲು ಕಲಿತಂತಾಗುವುದಿಲ್ಲ. ಗುರುವಿನ ಮಾತನ್ನು ಅಕ್ಷರಶಃ ಪಾಲಿಸಲೇಬೇಕೆಂದೂ ಇಲ್ಲ. ರೂಬೆನ್ಸ್ 1628-29ರಲ್ಲಿ ಮ್ಯಾಡ್ರಿಡ್‌ನಲ್ಲಿದ್ದಾಗ, ಐವತ್ತು ದಾಟಿದ ಹೆಸರುವಾಸಿ ಕಲಾವಿದನಾಗಿದ್ದೂ, ಟಿಶಿಯನ್ ಚಿತ್ರಗಳನ್ನು ಕೂತು ನಕಲು ಮಾಡಿದ. ಆ ನಕಲುಗಳಲ್ಲಿ ಚರ್ಮದ ಬಣ್ಣ ಮಾತ್ರ ರೂಬೆನ್ಸನದೇ. ರೆಂಬ್ರಾಂಟ್ 1639ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಹರಾಜಿನಲ್ಲಿ ರಫೇಲ್ ಬರೆದ, ಕ್ಯಾಸ್ಟಿಲಿಯೋನೆ ಎಂಬವನ ಭಾವಚಿತ್ರ ಕಂಡು ಗೀಚಿಕೊಂಡ ಪುಟ್ಟ ರೇಖಾಚಿತ್ರದಲ್ಲಿ ಟೋಪಿಯೇ ಬೇರೆ ಓರೆಯಲ್ಲಿದೆ. ಹಾಗಾಗಿ ಮೊದಲ ನಕಲು ಮುಗಿದ ಮೇಲೆ, ಅದೇ ಹಲಗೆ, ಅದೇ ಎಂಟು ಬಣ್ಣ, ಎಡದಿಂದ ಬೀಳುವ ಒಂದೇ ದೀಪದ ಬೆಳಕಿನಲ್ಲಿ ಜೀವಂತ ಮುಖವೊಂದನ್ನು ಕೂರಿಸಿಕೊಳ್ಳಿ. ಐದು ಗುಡ್ಡೆಗಳ ಪಾಲನ್ನು ಆ ಚರ್ಮಕ್ಕೆ ತಕ್ಕಂತೆ ಬದಲಿಸಬೇಕಾಗುತ್ತದೆ: ಕಂದು ಮೈಬಣ್ಣಕ್ಕೆ ಬಿಳಿಯನ್ನು ಅರ್ಧಕ್ಕಿಳಿಸಿ ಸಿಯೆನ್ನಾ ಏರಿಸಿ, ಪದರಗಳ ಕ್ರಮ ಹಾಗೇ ಇರಲಿ.

ನಕಲಿಗೆ ವಾರ್ನಿಷ್ ಹಚ್ಚಲು ಆರು ತಿಂಗಳಿಂದ ಒಂದು ವರ್ಷ ಕಾಯಬೇಕು. ಅಲ್ಲಿಯವರೆಗೆ ಧೂಳು ಬೀಳದ, ಆದರೆ ಬೆಳಕಿರುವ ಕಡೆ ಇಡಿ. ಕತ್ತಲಲ್ಲಿಟ್ಟರೆ ಅಗಸೆ ಎಣ್ಣೆ ಹಳದಿಯಾಗುತ್ತದೆ. ಹಲಗೆಯ ಹಿಂದೆ, ಅಳಿಸಲಾಗದ ಇಂಕಿನಲ್ಲಿ, ಇದು ಆಂಟೊನೆಲ್ಲೊನ ಚಿತ್ರದ ನಕಲು ಎಂದು, ನಿಮ್ಮ ಹೆಸರು, ವರ್ಷ, ಬಳಸಿದ ಬಣ್ಣ ಮತ್ತು ಎಣ್ಣೆಗಳ ಹೆಸರುಗಳನ್ನು ಬರೆದಿಡಿ.